ಮರ್ಡೀನಾ ಬಾಗಿಲು ಹಾಕಿಕೊಂಡು ಹೇಳಿದ್ದು

ಮರ್ಡೀನಾ ಮೆಕಾಸ್ಕಿಲ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಮಗುವಿನ ಜ್ವರದ ಬಗ್ಗೆ ಅಲ್ಲ.

"ಯಾರ ಪೈಕಿ ಕಣಮ್ಮ ನೀನು?"

ಮೂರು ದಿನದಿಂದ ಜ್ವರದಲ್ಲಿ ಬೇಯುತ್ತಿದ್ದ ಒಂಬತ್ತು ತಿಂಗಳ ಎಲ್ಸಿ ನನ್ನ ಹೆಗಲ ಮೇಲೆ ಸೋತು ಬಿದ್ದಿದ್ದಳು. ನಾನು ಬ್ಯಾಗಿನಿಂದ ನೋಟ್‌ಬುಕ್ ತೆಗೆಯುತ್ತಿದ್ದೆ. ಗಂಟೆಗೊಮ್ಮೆ ನೋಡಿದ ಜ್ವರ, ಕುಡಿದ ಹಾಲು, ಬದಲಿಸಿದ ಡೈಪರು, ಎಲ್ಲ ಅದರಲ್ಲಿತ್ತು. ನಾನು ಹುಟ್ಟಿ ಬೆಳೆದು ಓದಿದ್ದು ನಮ್ಮ ಪ್ರಾಂತ್ಯದ ರಾಜಧಾನಿ ಹ್ಯಾಲಿಫ್ಯಾಕ್ಸಿನಲ್ಲಿ. ಅಲ್ಲಿ ಆಸ್ಪತ್ರೆಗೆ ಹೋದರೆ ಹೆಸರು ಕೇಳುತ್ತಾರೆ, ಹುಟ್ಟಿದ ದಿನ ಕೇಳುತ್ತಾರೆ, ಅಷ್ಟೇ. ಈ ಕೇಪ್ ಬ್ರೆಟನ್ ದ್ವೀಪಕ್ಕೆ ಸೊಸೆಯಾಗಿ ಬಂದು ಆರು ವರ್ಷವಾದರೂ ಈ ಪ್ರಶ್ನೆ ಕೇಳಿದರೆ ನನಗೆ ಮೈ ಉರಿಯುತ್ತದೆ.

"ಲಾಕಿ ಮೆಕ್‌ನೀಲ್ ನನ್ನ ಗಂಡ," ಎಂದೆ.

"ಯಾವ ಲಾಕಿ? ನಂಗೆ ಗೊತ್ತಿರೋರೇ ಏಳು ಜನ ಇದಾರೆ."

"ಬೇಕರಿ ಪೆಗ್ಗಿ ಅವರ ಮಗ. ಈಗ ಆಲ್ಬರ್ಟಾದಲ್ಲಿ ಕೆಲಸದ ಮೇಲಿದಾರೆ."

"ಹಾಗೆ ಹೇಳು ಮತ್ತೆ! ಪೆಗ್ಗಿ ಮೊಮ್ಮಗಳಾ ಇದು? ಅದಕ್ಕೇ ಆ ಗಲ್ಲ." ಅವರು ಹೊಸ ಫೈಲೊಂದನ್ನು ತೆಗೆದು ಹೆಸರು ಬರೆದರು, ಮೂಲೆಯಲ್ಲಿ ಪೆನ್ಸಿಲಿನಿಂದ 'ಬೇಕರಿ ಪೆಗ್ಗಿ' ಎಂದೂ ಬರೆದರು.

"ಅದೇನದು ಬರೀತಿರೋದು?"

"ಕಂಪ್ಯೂಟರ್ ಇದ್ದಾಗ ಮಗೂಗೊಂದು ನಂಬರ್ ಇರ್ತಿತ್ತು ಕಣಮ್ಮ. ಈಗ ಅಜ್ಜಿ ಇದಾಳೆ."

ಅದು ನವೆಂಬರ್. ಯಾರೋ ಎಲ್ಲಿಂದಲೋ ಇಂಟರ್‌ನೆಟ್ಟಿನಲ್ಲಿ ನುಗ್ಗಿ ನಮ್ಮೂರ ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಬೀಗ ಜಡಿದು ಹತ್ತೊಂಬತ್ತು ದಿನವಾಗಿತ್ತು. ಹಳೆಯ ಕಾಯಿಲೆಯ ವಿವರವಿಲ್ಲ, ರಕ್ತಪರೀಕ್ಷೆಯ ಫಲಿತಾಂಶ ತೆರೆಯ ಮೇಲೆ ಬರುವುದಿಲ್ಲ, ಔಷಧಿಯ ಚೀಟಿಯನ್ನು ಯಾರಾದರೂ ಕೈಯಲ್ಲಿ ಹಿಡಿದು ಮೂರು ಮಹಡಿ ಇಳಿಯಬೇಕು. ಇದೆಲ್ಲ ರೇಡಿಯೋದಲ್ಲಿ ಕೇಳಿದ್ದೆ. ಮಗುವನ್ನು ಹೊತ್ತು ಒಳಗೆ ಬಂದು ನಿಂತಾಗಲೇ ಅದು ಏನೆಂದು ತಿಳಿದದ್ದು. ಮಕ್ಕಳ ವಾರ್ಡಿನ ಮೇಜಿನ ಮೇಲೆ ಕಪ್ಪು ತೆರೆಗಳು ಹಾಗೇ ನಿಂತಿದ್ದವು. ಅವುಗಳ ಮೇಲೆಲ್ಲ ಹಳದಿ ಚೀಟಿಗಳನ್ನು ಅಂಟಿಸಿದ್ದರು.

ಮರ್ಡೀನಾಗೆ ಆಗ ಅರವತ್ತಮೂರು. ಗಿಡ್ಡ, ಅಗಲ ಭುಜ, ಬೆನ್ನಿಗೆ ಪಟ್ಟಿ ಕಟ್ಟಿಕೊಂಡ ನಡಿಗೆ. ಅಪ್ಪ ಕಲ್ಲಿದ್ದಲ ಗಣಿಯವರು, ಅಣ್ಣಂದಿರೂ ಅದೇ. ಈಕೆ ನರ್ಸ್ ಆಗಿ ಅದೇ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ. ಅಕ್ಟೋಬರ್ ಕೊನೆಗೆ ನಿವೃತ್ತಿ ಎಂದು ಬರೆದುಕೊಟ್ಟಾಗಿತ್ತು, ಕೇಕೂ ಬಂದಿತ್ತಂತೆ. ಆ ವಾರವೇ ಕಂಪ್ಯೂಟರುಗಳು ಸತ್ತವು. ವಾರ್ಡಿನಲ್ಲಿ ಹುಡುಗಿಯರು ಆರು ಜನ. ಅವರಲ್ಲಿ ಯಾರೂ ಒಂದು ದಿನವೂ ಕಾಗದದ ಮೇಲೆ ರೋಗಿಯ ವಿವರ ಬರೆದವರಲ್ಲ. ಮರ್ಡೀನಾ ತಮ್ಮ ಪತ್ರವನ್ನು ವಾಪಸು ತೆಗೆದುಕೊಂಡು, ನೆಲಮಾಳಿಗೆಯಿಂದ ಹಳೆಯ ಖಾಲಿ ಹಾಳೆಗಳ ಪೆಟ್ಟಿಗೆ ಹೊತ್ತು ತಂದರು. ಜ್ವರಕ್ಕೆ ಕೆಂಪು ಶಾಯಿ, ನಾಡಿಗೆ ನೀಲಿ, ಗೆರೆ ಎಳೆಯುವುದು ಹೀಗೆ ಎಂದು ಅಡಿಪಟ್ಟಿ ಕೊಟ್ಟು ಕಲಿಸಿದರು. ನಾನು ಹೋದ ದಿನ ಅವರದು ಬಿಡುವಿಲ್ಲದ ಹನ್ನೊಂದನೇ ಪಾಳಿ. ಇದನ್ನು ನನಗೆ ಹೇಳಿದ್ದು ಟೆಸ್, ಇಪ್ಪತ್ತಮೂರು ವರ್ಷದ ನರ್ಸ್. ಮರ್ಡೀನಾ ಹೇಳಲಿಲ್ಲ. ನಾನೂ ಕೇಳಲಿಲ್ಲ. ನನಗೆ ನನ್ನ ಮಗುವಿನದೇ ಚಿಂತೆ.

ಈಗ ತೂಕದ ವಿಷಯಕ್ಕೆ ಬರುತ್ತೇನೆ. ಆಗಬಾರದ್ದು ಆದದ್ದು ಅಲ್ಲೇ, ನನ್ನ ಕಣ್ಣೆದುರಿಗೇ. ಗೊತ್ತಾದದ್ದು ಮಾತ್ರ ಮರುದಿನ.

ಎಲ್ಸಿಯ ಬಟ್ಟೆ ಬಿಚ್ಚಿ ತೂಕದ ಯಂತ್ರದ ತಟ್ಟೆಯಲ್ಲಿ ಮಲಗಿಸಿದರು. "ಎಂಟು ಪಾಯಿಂಟ್ ಏಳು," ಎಂದರು ಮರ್ಡೀನಾ.

"ಪೌಂಡಲ್ಲಿ ಎಷ್ಟಾಯ್ತು?" ಎಂದೆ ನಾನು. "ಕಳೆದ ತಿಂಗಳಿಗಿಂತ ಇಳಿದಿದಾಳಾ? ಅತ್ತೆ ಕೇಳ್ತಾರೆ."

ಇದು ಇಲ್ಲಿಯವರ ಚಾಳಿ. ರಸ್ತೆಗೆ ಕಿಲೋಮೀಟರು, ಆಳಿನ ಎತ್ತರಕ್ಕೆ ಅಡಿ. ಹೊರಗಿನ ಚಳಿಗೆ ಒಂದು ಅಳತೆ, ಒಲೆಯ ಬಿಸಿಗೆ ಬೇರೆಯೇ ಅಳತೆ. ಆಸ್ಪತ್ರೆ ತೂಗುವುದು ಕಿಲೋದಲ್ಲಿ, ಅಜ್ಜಿಯರು ಹಿಗ್ಗುವುದು ಪೌಂಡಿನಲ್ಲಿ. ಹಾಗಾಗಿ ನರ್ಸುಗಳು ತೂಗಿದ ಮೇಲೆ ಯಂತ್ರದ ಪಕ್ಕದ ಗುಂಡಿಯನ್ನೊಮ್ಮೆ ಒತ್ತಿ ತಾಯಿಗೆ ಪೌಂಡಿನ ಲೆಕ್ಕವನ್ನೂ ತೋರಿಸುತ್ತಾರೆ. ಯಾರೂ ಹಾಗೆ ಮಾಡಿ ಎಂದು ಹೇಳಿಕೊಟ್ಟದ್ದಲ್ಲ. ಅದೊಂದು ಉಪಕಾರ. ಮರ್ಡೀನಾ ಗುಂಡಿ ಒತ್ತಿದರು.

"ಹತ್ತೊಂಬತ್ತು ಪಾಯಿಂಟ್ ಎರಡು. ಇಳಿದಿಲ್ಲ ಬಿಡು. ಪೆಗ್ಗಿಗೆ ಹೇಳು, ಗುಂಡುಗುಂಡಗಿದಾಳೆ ಅಂತ."

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಟೆಸ್ ಕೂಗಿದಳು, "ಡೀನಾ! ಡ್ರಿಪ್ ನಿಂತೋಯ್ತು!" ಮರ್ಡೀನಾ ಒಂದು ಕೈಯಲ್ಲಿ ಎಲ್ಸಿಯನ್ನು ಎತ್ತಿ ನನಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಯಂತ್ರದ ತೆರೆಯ ಮೇಲೆ ಇನ್ನೂ ನಿಂತಿದ್ದ ಅಂಕಿಯನ್ನು ಹಾಳೆಯಲ್ಲಿ ಬರೆದು ಓಡಿದರು. ಹಾಳೆಯಲ್ಲಿ 'ತೂಕ, ಕಿಲೋ' ಎಂದು ಮೊದಲೇ ಅಚ್ಚಾಗಿತ್ತು. ಅದರ ಮುಂದೆ 19.2.

ಕಂಪ್ಯೂಟರಾಗಿದ್ದರೆ ಒಪ್ಪುತ್ತಿರಲಿಲ್ಲವಂತೆ. ಒಂಬತ್ತು ತಿಂಗಳ ಕೂಸು ಅಷ್ಟು ತೂಗುವುದಿಲ್ಲ ಎಂದು ಕೆಂಪಗೆ ಮಿನುಗುತ್ತಿತ್ತು. ಕಾಗದ ಏನು ಬರೆದರೂ ಸುಮ್ಮನಿರುತ್ತದೆ.

ಮೂತ್ರಪಿಂಡಕ್ಕೆ ಸೋಂಕು ಎಂದರು ಡಾಕ್ಟರ್ ಸಲೀಬಾ. ಕಣ್ಣ ಕೆಳಗೆ ಕಪ್ಪಾದ, ಮೆದು ಮಾತಿನ ಹೆಂಗಸು. ಅವತ್ತು ಅವರ ಪಾಲಿಗೆ ಮೂವತ್ತೊಂದು ಮಕ್ಕಳು. ಜೆಂಟಾಮೈಸಿನ್ ಎಂಬ ಔಷಧಿ ದಿನಕ್ಕೊಂದು ಸಲ, ಡ್ರಿಪ್ಪಿನಲ್ಲಿ. ಎಷ್ಟು ಎನ್ನುವುದು ತೂಕದ ಮೇಲೆ. ಅವರು ಹಾಳೆ ನೋಡಿ ಲೆಕ್ಕ ಹಾಕಿದರು. ಕೆಳಗೆ ಔಷಧಿ ಕೋಣೆಯವರೂ ಅದೇ ಅಂಕಿಯಿಂದ ಇನ್ನೊಮ್ಮೆ ಲೆಕ್ಕ ಹಾಕಿ ಸರಿಯಿದೆ ಎಂದರು. ಲೆಕ್ಕ ಸರಿಯೇ ಇತ್ತು. ಮಗುವಿನ ವಯಸ್ಸು ಬೇರೆ ಹಾಳೆಯಲ್ಲಿತ್ತು. ಮಧ್ಯಾಹ್ನ ಎರಡು ಗಂಟೆಗೆ ನನ್ನ ಎಲ್ಸಿಗೆ ಎರಡರಷ್ಟಕ್ಕಿಂತ ಹೆಚ್ಚು ಔಷಧಿ ಇಳಿಯಿತು. ನಾನು ಪಕ್ಕದಲ್ಲೇ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: 'ಎರಡು ಗಂಟೆ. ಔಷಧಿ ಶುರು. ದೇವರ ದಯೆ.'

ಆ ದಿನ ನಾನು ಆ ವಾರ್ಡಿನವರಿಗೆ ಕೊಟ್ಟ ಕಾಟ ಬರೆಯಲು ನಾಚಿಕೆಯಾಗುತ್ತದೆ. ಗಂಟೆ ಒತ್ತಿದರೆ ನಲವತ್ತು ನಿಮಿಷ ಯಾರೂ ಬರುವುದಿಲ್ಲ. ಬಂದವರು ಮೊದಲಿನವರು ಕೇಳಿದ್ದನ್ನೇ ಕೇಳುತ್ತಾರೆ. ಮೂರನೇ ಸಲ "ಮಗೂಗೆ ಯಾವುದಾದ್ರೂ ಔಷಧಿ ಒಗ್ಗಲ್ವಾ?" ಎಂದಾಗ ನಾನು ಸಿಡಿದೆ.

"ಇಲ್ಲಿ ಒಬ್ಬರು ಬರೆದಿದ್ದನ್ನ ಇನ್ನೊಬ್ಬರು ಓದ್ತೀರಾ?"

ಕೇಳಿದ್ದು ಮರ್ಡೀನಾರನ್ನೇ. ಅವರು ಬೇಸರಿಸಲಿಲ್ಲ. "ಓದ್ತೀವಿ ಕಣಮ್ಮ. ಓದಿ ಮತ್ತೆ ಕೇಳ್ತೀವಿ. ಟೆಸ್ ಅಕ್ಷರ ನೋಡಿದೀಯಾ ನೀನು? ಕೋಳಿ ಕೆದರಿದಂಗಿರುತ್ತೆ."

"ಕೇಳಿಸ್ತು!" ಎಂದಳು ಟೆಸ್ ಬಾಗಿಲಲ್ಲಿ.

"ಕೇಳಿಸ್ಲಿ ಅಂತಾನೇ ಹೇಳಿದ್ದು."

ಸಂಜೆ ನಾಲ್ಕಕ್ಕೆ ಎರಡು ಪೆಟ್ಟಿಗೆ ಡೋನಟ್ ಬಂತು, ಆಡಳಿತದವರಿಂದ. ಜತೆಗೊಂದು ಬಣ್ಣದ ಕಾಗದ: 'ನಿಮ್ಮ ಉತ್ಸಾಹವೇ ನಮ್ಮ ಬಲ.' ಮರ್ಡೀನಾ ಪೆಟ್ಟಿಗೆಯನ್ನು ನೋಡಿ, "ಅಯ್ಯೋ, ಯಾರ ರಜಾ ಹೋಯ್ತಪ್ಪ ಇವತ್ತು?" ಎಂದರು. ಹುಡುಗಿಯರೆಲ್ಲ ನಕ್ಕರು. ನಿಜಕ್ಕೂ ಇಬ್ಬರ ರಜೆ ಹೋಗಿತ್ತು. ಟೆಸ್ ನನಗೆ ಇನ್ನೊಂದು ಕಥೆ ಹೇಳಿದಳು. ಬೇಸಿಗೆಯಲ್ಲಿ ನೌಕರರಿಗೆಲ್ಲ ಪ್ರಶ್ನೆಪತ್ರ ಹಂಚಿದ್ದರಂತೆ: ಕೆಲಸದಲ್ಲಿ ನೀವು ಎಷ್ಟು ಮನಸ್ಸಿಟ್ಟು ತೊಡಗಿಕೊಂಡಿದ್ದೀರಿ, ಒಂದರಿಂದ ಐದರೊಳಗೆ ಅಂಕ ಕೊಡಿ. ಮರ್ಡೀನಾ ಅಂಕ ಕೊಡದೆ, 'ಕಾಲು ನೋಯುತ್ತಿದೆ' ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದರಂತೆ.

ಮರುದಿನ ಜ್ವರ ಇಳಿಯಿತು. ಎಲ್ಸಿ ಬೆಳಿಗ್ಗೆ ಹಾಲು ಕುಡಿದು, ನನ್ನ ಕನ್ನಡಕ ಕಿತ್ತುಕೊಂಡು ನಕ್ಕಳು. ಅತ್ತೆ ಪೆಗ್ಗಿ ಓಟ್ಸಿನ ಬಿಸ್ಕತ್ತಿನ ಡಬ್ಬಿಯೊಡನೆ ಬಂದು, ಅರ್ಧ ವಾರ್ಡಿಗೆ ಹಂಚಿ, ಚಹಾ ತರಲು ಕೆಳಗೆ ಹೋದರು. ಒಂದು ಗಂಟೆಯ ಹೊತ್ತಿಗೆ ಮರ್ಡೀನಾ ಒಳಗೆ ಬಂದರು. ಬಾಗಿಲು ಹಾಕಿದರು. ಕುರ್ಚಿ ಎಳೆದು ನನ್ನೆದುರು ಕೂತರು. ಎರಡು ದಿನದಲ್ಲಿ ಆಕೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಜೊಸ್ಲಿನ್," ಎಂದರು. ಕಣಮ್ಮ ಅನ್ನಲಿಲ್ಲ. "ನಿನ್ನ ಮಗೂಗೆ ನಿನ್ನೆ ಔಷಧಿ ಜಾಸ್ತಿ ಹೋಗಿದೆ. ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತೀನೇ. ತಪ್ಪು ನಂದು. ತೂಕ ಪೌಂಡಲ್ಲಿ ಬರೆದುಬಿಟ್ಟೆ. ಈಗ ಇವತ್ತಿನ ಹಾಳೆಗೆ ಇಳಿಸ್ಕೋತಾ ಇದ್ದೆ, ಹತ್ತೊಂಬತ್ತು ಕಿಲೋ ಅಂತ ಬರೀತಾ ಕೈ ನಿಂತೋಯ್ತು. ಹತ್ತೊಂಬತ್ತು ಕಿಲೋ ಮಗೂನ ನಾನು ಒಂದು ಕೈಯಲ್ಲಿ ಎತ್ತೋಕಾಗಲ್ಲ, ನನ್ನ ಬೆನ್ನಿಗೆ. ಇವಳನ್ನ ಎತ್ತಿದ್ದೆ. ಇವತ್ತಿನ ಔಷಧಿ ನಿಲ್ಲಿಸಿದೀನಿ. ಡಾಕ್ಟರ್ ಸಲೀಬಾಗೆ ಹೇಳಿದೀನಿ, ಬರ್ತಿದಾರೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಎಲ್ಸಿ ನನ್ನ ತೊಡೆಯ ಮೇಲೆ ಕೂತು ಚಮಚ ಕಡಿಯುತ್ತಿದ್ದಳು.

"ಏನಾಗುತ್ತೆ ಅದರಿಂದ?"

"ಏನೂ ಆಗದೇನೂ ಇರ್ಬಹುದು. ಒಂದೇ ಸಲ ಹೋಗಿರೋದು. ಆದ್ರೆ ಆ ಔಷಧಿ ಜಾಸ್ತಿಯಾದ್ರೆ ಕಿಡ್ನಿಗೆ ಬಡಿಯುತ್ತೆ. ಕಿವಿಗೂ."

"ಕಿವಿಗೆ ಅಂದ್ರೆ?"

"ಕೇಳಿಸೋದು ಕಮ್ಮಿ ಆಗ್ಬಹುದು. ಆಯ್ತು ಅಂದ್ರೆ ವಾಪಸ್ ಬರಲ್ಲ. ಕಿಡ್ನಿದು ರಕ್ತ ನೋಡಿದ್ರೆ ನಾಳೆಗೆ ಗೊತ್ತಾಗುತ್ತೆ. ಕಿವಿದು ಇವತ್ತು ನೋಡಿದ್ರೆ ಸಾಲದು, ಕೆಲವು ದಿನ ಬಿಟ್ಟು ನೋಡ್ಬೇಕು."

ನಾನು ಏನೆಲ್ಲ ಅಂದೆ ಎನ್ನುವುದು ಪೂರ್ತಿ ನೆನಪಿಲ್ಲ. "ನನ್ನ ಮಗೂನ ಮುಟ್ಟಬೇಡಿ ನೀವು," ಅಂದದ್ದು ನೆನಪಿದೆ. ಜೋರಾಗಿಯೇ ಅಂದಿರಬೇಕು, ಎಲ್ಸಿ ಬೆಚ್ಚಿ ಅತ್ತಳು. ಆ ಗಾಬರಿಯಲ್ಲೂ ನನಗೆ ಹೊಳೆದದ್ದು, ಅಬ್ಬ, ಈಗ ಕೇಳಿಸಿತಲ್ಲ ಎಂದು.

"ಮುಟ್ಟಲ್ಲ," ಎಂದರು ಮರ್ಡೀನಾ. "ಟೆಸ್ ನೋಡ್ಕೋತಾಳೆ." ಆದರೂ ಎದ್ದು ಹೋಗಲಿಲ್ಲ. ನಾನು ಬೈದು ಮುಗಿಸುವವರೆಗೆ ಕೂತೇ ಇದ್ದರು, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು. ಮತ್ತೆ, "ಇನ್ನೇನಾದ್ರೂ ಕೇಳೋದಿದ್ರೆ ಕೇಳು. ಗೊತ್ತಿದ್ರೆ ಹೇಳ್ತೀನಿ, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತೀನಿ," ಎಂದರು.

ಅವರು ಹೊರಗೆ ಹೋದ ಮೇಲೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೊಗಸಾಲೆಯಲ್ಲಿ ಕರ್ಸ್ಟನ್ ಪೈಕ್‌ಳ ದನಿ ಕೇಳಿತು. ಆಕೆ ವಾರ್ಡಿನ ಮೇಲ್ವಿಚಾರಕಿ, ಮೂವತ್ತೈದರ ಹೆಂಗಸು, ಕೆಟ್ಟವಳಲ್ಲ, ಅವಳೂ ಕಂಪ್ಯೂಟರು ಸತ್ತ ದಿನದಿಂದ ಮನೆಯಲ್ಲಿ ಊಟ ಮಾಡಿದವಳಲ್ಲ.

"ಡೀನಾ, ನಾನು ಕಾಯಿರಿ ಅಂದಿದ್ದೆ. ಹ್ಯಾಲಿಫ್ಯಾಕ್ಸ್ ಹೆಡ್ ಆಫೀಸ್‌ನೋರು ನಾಳೆ ಬೆಳಿಗ್ಗೆ ಫೋನ್ ಮಾಡ್ತಾರೆ, ಏನ್ ಹೇಳ್ಬೇಕು, ಯಾರು ಹೇಳ್ಬೇಕು ಅಂತ ಅವರು ತೀರ್ಮಾನ ಮಾಡ್ತಾರೆ ಅಂದಿದ್ದೆ."

"ಅಂದಿದ್ದೆ ನೀನು."

"ಮತ್ತೆ?"

"ಮಗು ಹ್ಯಾಲಿಫ್ಯಾಕ್ಸ್‌ನೋರದಲ್ಲ."

"ನಿಮಗೇ ತೊಂದರೆ ಅಂತ ಹೇಳಿದ್ದು ನಾನು. ಮೂವತ್ತೆಂಟು ವರ್ಷ ಮಾಡಿ, ಕೊನೇಗೆ ಲೈಸೆನ್ಸ್ ಹೋದ್ರೆ?"

"ಹೋದ್ರೆ ಹೋಗುತ್ತೆ ಕರ್ಸ್ಟನ್. ಕೇಕ್ ಇನ್ನೂ ಫ್ರೀಜರ್‌ನಲ್ಲೇ ಇದೆ."

ಕರ್ಸ್ಟನ್ ನಗಲಿಲ್ಲ. ಆಮೇಲೆ ಯಾರೋ ಮೂಗು ಸೀಟುವ ಸದ್ದು. ಯಾರದೆಂದು ನನಗೆ ತಿಳಿಯಲಿಲ್ಲ.

ಅತ್ತೆ ಚಹಾ ಹಿಡಿದು ಬಂದಾಗ ನಾನು ಅಳುತ್ತ ಗಂಡನಿಗೆ ಫೋನ್ ಮಾಡುತ್ತಿದ್ದೆ. ಅಲ್ಲಿ ಸಿಗ್ನಲ್ ಇಲ್ಲ. ಅತ್ತೆಗೆ ಎಲ್ಲ ಹೇಳಿದೆ, ಕೇಸು ಹಾಕುತ್ತೇನೆ, ಪತ್ರಿಕೆಗೆ ಬರೆಯುತ್ತೇನೆ ಎಂದೆ. ಪೆಗ್ಗಿ ಚಹಾವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ಬೈಯ್ಯೋದಾದ್ರೆ ಬೈ, ಬೇಡ ಅನ್ನಲ್ಲ. ಮೊದಲು ಅವಳು ಹೇಳಿದ್ದನ್ನ ಬರ್ಕೋ. ಎಷ್ಟು ಗಂಟೆ, ಎಷ್ಟು ಔಷಧಿ, ಏನೇನು ನೋಡ್ಬೇಕು. ನೋಟ್‌ಬುಕ್ ಇದೆಯಲ್ಲ ನಿಂದು."

"ನಿಮಗೆ ಕೋಪ ಬರಲ್ವಾ ಅತ್ತೆ?"

"ಬರ್ದೇ ಏನು? ನನ್ನ ಮೊಮ್ಮಗಳು ಅದು." ಪೆನ್ನು ಹುಡುಕಿ ನನ್ನ ಕೈಗಿಟ್ಟರು. "ನನ್ನ ಅಕ್ಕ ಆಸ್ಪತ್ರೇಲಿ ಸತ್ತಿದ್ದು ಯಾವ ತಪ್ಪಿಂದ ಅಂತ ನಮಗೆ ಹೇಳೋಕೆ ಇನ್ನೂ ಯಾರೂ ಬಂದಿಲ್ಲ, ಗೊತ್ತಾ. ನಲವತ್ತು ವರ್ಷ ಆಯ್ತು. ಬರ್ಕೋ."

ಬರೆದುಕೊಂಡೆ. ಬರೆಯುತ್ತ 'ಪೌಂಡು' ಎಂಬ ಮಾತು ಬಂದಾಗ ನನ್ನ ಕೈ ನಿಂತಿತು. ಕೇಳಿದ್ದು ಯಾರು? ನಾನು. ಅತ್ತೆಗೆ ಅದನ್ನು ಹೇಳಲಿಲ್ಲ.

ಆರಾರು ಗಂಟೆಗೊಮ್ಮೆ ರಕ್ತ ತೆಗೆದರು. ಫಲಿತಾಂಶದ ಚೀಟಿ ಹಿಡಿದು ಟೆಸ್ ಮೆಟ್ಟಿಲು ಹತ್ತಿ ಓಡಿ ಬರುತ್ತಿದ್ದಳು, ಲಿಫ್ಟಿಗೂ ಕಾಯುತ್ತಿರಲಿಲ್ಲ. ಎರಡನೇ ದಿನದ ಸಂಜೆ ಡಾಕ್ಟರ್ ಸಲೀಬಾ ನನ್ನ ಪಕ್ಕ ಕೂತು ಚೀಟಿ ತೋರಿಸಿದರು: ಕಿಡ್ನಿ ಚೆನ್ನಾಗಿದೆ, ಸೋಂಕೂ ಇಳಿದಿದೆ, ಬೇರೆ ಔಷಧಿ ಬಾಯಲ್ಲಿ ಕೊಟ್ಟರೆ ಸಾಕು, ಮನೆಗೆ ಹೋಗಬಹುದು. ಕಿವಿಯದು? ಕಿವಿ ಪರೀಕ್ಷೆ ಮಾಡುವವಳು ಈ ಊರಿಗೆ ಬರುವುದು ಮಂಗಳವಾರ ಮಾತ್ರ. ಈ ಮಂಗಳವಾರ ತೀರ ಹತ್ತಿರ. ಅದರ ಮುಂದಿನದು, ಹನ್ನೊಂದು ದಿನಕ್ಕೆ.

ಆ ಹನ್ನೊಂದು ದಿನ ನಾನು ಮನುಷ್ಯಳಂತೆ ಇರಲಿಲ್ಲ. ಎಲ್ಸಿಯ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಪಾತ್ರೆಗೆ ಚಮಚ ಬಡಿಯುತ್ತಿದ್ದೆ. ತಿರುಗಿದರೆ ಒಂದು ನಿಮಿಷ ನೆಮ್ಮದಿ, ಆಮೇಲೆ ನೆರಳು ನೋಡಿ ತಿರುಗಿದಳೇನೋ ಎಂಬ ಅನುಮಾನ. ತಿರುಗದಿದ್ದರೆ ಜೀವ ಹೋದಂತೆ; ಕೂಸು ಬೊಂಬೆಯಲ್ಲಿ ಮುಳುಗಿದೆ ಅಷ್ಟೇ ಎಂದು ಗೊತ್ತಿದ್ದೂ. ಪಿಸುಮಾತಿನಲ್ಲಿ ಹೆಸರು ಕರೆಯುತ್ತಿದ್ದೆ, ಎಡಗಿವಿಯ ಕಡೆಯಿಂದ, ಬಲಗಿವಿಯ ಕಡೆಯಿಂದ, ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದೆ. ಲಾಕಿ ಆಲ್ಬರ್ಟಾದಿಂದ ಫೋನಿನಲ್ಲಿ, "ಜೊಸ್, ಮಗೂನ ಸ್ವಲ್ಪ ಬಿಡು. ಅದಕ್ಕೂ ಸುಸ್ತಾಗುತ್ತೆ," ಎಂದರು. ಅವರಿಗೇನು, ಮೂರು ಸಾವಿರ ಮೈಲಿ ದೂರ ಕೂತು ಹೇಳಲು. ಹಾಗೆಂದು ಅವರ ಮೇಲೂ ಹರಿಹಾಯ್ದೆ.

ಗುರುವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಮರ್ಡೀನಾ. ನರ್ಸಿನ ಉಡುಪಿಲ್ಲದೆ, ಗಂಡನ ದಪ್ಪ ಕೋಟು ಹಾಕಿಕೊಂಡು, ಇನ್ನೂ ಗಿಡ್ಡವಾಗಿ ಕಂಡರು. ಕೈಯಲ್ಲಿ ಏನೂ ಇರಲಿಲ್ಲ. ಈ ಊರಿನಲ್ಲಿ ಬರಿಗೈಯಲ್ಲಿ ಯಾರೂ ಯಾರ ಮನೆಗೂ ಬರುವುದಿಲ್ಲ.

"ಏನಾದ್ರೂ ಮಾಡಿ ತರೋಣ ಅಂದ್ಕೊಂಡೆ," ಎಂದರು ಬಾಗಿಲಲ್ಲೇ ನಿಂತು. "ಆಮೇಲೆ ಅನ್ನಿಸ್ತು, ಕ್ಷಮಿಸು ಅಂತ ಲಂಚ ಕೊಟ್ಟಂಗಾಗುತ್ತೆ. ಅದಕ್ಕೇ ಹಾಗೇ ಬಂದೆ. ಒಳಗೆ ಕರೀದಿದ್ರೂ ನಡೆಯುತ್ತೆ."

ಕರೆದೆ. ಯಾಕೆ ಕರೆದೆನೋ. ಮೈಯಲ್ಲಿ ಜಗಳಕ್ಕೆ ಶಕ್ತಿ ಉಳಿದಿರಲಿಲ್ಲ. ಚಹಾ ಮಾಡಿದೆ, ಇಲ್ಲಿಯವರು ಕುಡಿಯುವ ಹಾಗೆ ಕಡುವಾಗಿ ಕುದಿಸಿ, ಡಬ್ಬಿ ಹಾಲು ಹಾಕಿ. ಅವರು ಎಲ್ಸಿಯತ್ತ ಕೈ ಚಾಚಲಿಲ್ಲ. ನೆಲದ ಮೇಲೆ ಆಡುತ್ತಿದ್ದವಳನ್ನು ದೂರದಿಂದಲೇ ನೋಡಿದರು.

ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದಿದ್ದಾರಂತೆ. ರೋಗಿಯ ಮನೆಯವರ ಹತ್ತಿರ ಮಾತಾಡಬೇಡಿ ಎಂದೂ.

"ಮತ್ತೆ ಬಂದಿದೀರಲ್ಲ."

"ಬಂದಿದೀನಿ." ಚಹಾ ಗುಟುಕರಿಸಿದರು. "ಮನೇಲಿ ಕೂತ್ರೆ ನನ್ನ ಗಂಡ ಅಲೆಕ್ ಇಸ್ಪೀಟು ಆಡು ಅಂತಾನೆ. ಕಾರ್ಡ್ ಮೇಲಿನ ಅಂಕಿ ಕಂಡ್ರೂ ಮೂರು ಸಲ ನೋಡ್ತೀನಿ ಈಗ."

ನಾನು ಕೇಳಿಯೇಬಿಟ್ಟೆ. "ಯಾಕೆ ಹೇಳಿದ್ರಿ ನಂಗೆ? ಒಂದು ದಿನ ಕಾಯಬಹುದಿತ್ತಲ್ಲ, ಅವರು ಹೇಳಿದ ಹಾಗೆ. ನಾಳೆ ಹೇಳಿದ್ರೂ ಮಗೂಗೆ ಏನೂ ವ್ಯತ್ಯಾಸ ಆಗ್ತಿರಲಿಲ್ಲ. ಔಷಧಿ ಹೇಗೂ ನಿಲ್ಸಿದ್ರಿ."

ಅವರು ಯೋಚಿಸಿದರು. ಮೊದಲೇ ಸಿದ್ಧಪಡಿಸಿಕೊಂಡ ಉತ್ತರ ಅದಾಗಿರಲಿಲ್ಲ.

"ನಾಳೆ ಹೇಳಿದ್ರೆ, ಅವತ್ತು ರಾತ್ರಿ ನೀನು ನನ್ನ ನಂಬ್ಕೊಂಡು ಮಲಗಿರ್ತಿದ್ದೆ. ಅದು ಕದ್ದಂಗೆ ಕಣಮ್ಮ."

ಆಗ ಹೇಳಿದೆ, ಅಷ್ಟು ದಿನ ಯಾರಿಗೂ ಹೇಳದಿದ್ದುದನ್ನು. "ಪೌಂಡಲ್ಲಿ ಎಷ್ಟು ಅಂತ ಕೇಳಿದ್ದು ನಾನು. ನಾನು ಕೇಳದಿದ್ರೆ ನೀವು ಆ ಗುಂಡಿ ಒತ್ತುತಾನೇ ಇರಲಿಲ್ಲ."

ಮರ್ಡೀನಾ ಕಪ್ಪು ಕೆಳಗಿಟ್ಟರು. ಮೊದಲ ಸಲ ಅವರ ದನಿ ಗಡುಸಾಯಿತು.

"ನೋಡು, ಆ ಮಾತು ಇವತ್ತೇ ಬಿಡು. ಎಲ್ಲಾ ತಾಯಂದ್ರೂ ಕೇಳ್ತಾರೆ. ಮೂವತ್ತೆಂಟು ವರ್ಷದಿಂದ ಕೇಳ್ತಿದಾರೆ. ಬರ್ದಿದ್ದು ನನ್ನ ಕೈ. ಕೆಲಸ ಜಾಸ್ತಿ ಇತ್ತು, ಸುಸ್ತಾಗಿತ್ತು, ಕಂಪ್ಯೂಟರ್ ಇರಲಿಲ್ಲ, ಎಲ್ಲಾ ನಿಜ. ವಿಚಾರಣೇಲಿ ಅದನ್ನೂ ಹೇಳ್ತೀನಿ, ಟೆಸ್ ಥರದ ಹುಡುಗೀರಿಗೆ ಮುಂದೆ ಬೇಕಾಗುತ್ತೆ. ಆದ್ರೆ ನಿನ್ನ ಪಾಲಿಂದು ಅಂತ ಒಂದು ತುಣುಕೂ ಇಲ್ಲ ಅದ್ರಲ್ಲಿ. ಕೇಳಿಸ್ತಾ?"

'ಕೇಳಿಸ್ತಾ' ಎಂದ ಕೂಡಲೇ ಅವರ ಮುಖ ಬಿಳಿಚಿಕೊಂಡಿತು. ಇಬ್ಬರೂ ಎಲ್ಸಿಯ ಕಡೆ ನೋಡಿದೆವು. ಅವಳು ತನ್ನ ಪಾಡಿಗೆ ಡಬ್ಬಿಯ ಮುಚ್ಚಳ ನೆಕ್ಕುತ್ತಿದ್ದಳು.

"ಮಂಗಳವಾರ ಎಷ್ಟು ಗಂಟೆಗೆ?" ಎಂದು ಕೇಳಿದರು ಎದ್ದು ಕೋಟು ಹಾಕಿಕೊಳ್ಳುತ್ತ.

"ಹತ್ತೂವರೆಗೆ."

"ನಾನು ಬರೋ ಹಂಗಿಲ್ಲ. ಏನೇ ಬರ್ಲಿ, ನಂಗೆ ಹೇಳೋಕೆ ಆಗುತ್ತಾ? ಇಷ್ಟ ಇಲ್ದಿದ್ರೆ ಬೇಡ."

ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ತಮ್ಮ ಫೋನ್ ನಂಬರ್ ಬರೆದಿಟ್ಟು ಹೊರಟರು.

ಆ ವಾರಾಂತ್ಯ ಆಸ್ಪತ್ರೆಯಿಂದ ಲಕೋಟೆ ಬಂತು. ಒಳಗೆ ಎರಡು ಕಾಗದ. ಒಂದು ರೋಗಿಗಳ ಅನುಭವ ಕೇಳುವ ಪ್ರಶ್ನೆಪತ್ರ, ಎಲ್ಲರಿಗೂ ಕಳಿಸುವಂಥದ್ದು: ಸಿಬ್ಬಂದಿ ನಿಮಗೆ ಎಲ್ಲವನ್ನೂ ವಿವರಿಸಿದರೇ, ಗಂಟೆ ಒತ್ತಿದಾಗ ಬಂದರೇ, ಕೋಣೆ ಸದ್ದಿಲ್ಲದೆ ಇತ್ತೇ. ಇನ್ನೊಂದು ವಿಚಾರಣೆಯವರದು: ನಡೆದದ್ದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಮೊದಲನೆಯದನ್ನು ನೋಡಿ ನಗು ಬಂತು. 'ಗಂಟೆ ಒತ್ತಿದಾಗ' ಎನ್ನುವುದಕ್ಕೆ ಐದರಲ್ಲಿ ಒಂದು ಕೊಟ್ಟೆ, ಅದು ಸತ್ಯ. 'ವಿವರಿಸಿದರೇ' ಎನ್ನುವುದರ ಮುಂದೆ ಪೆನ್ನು ಹಿಡಿದು ತುಂಬ ಹೊತ್ತು ಕೂತೆ. ಐದು ಎಂದು ಹಾಕಿದರೆ ಅದು ಸಾಲದು; ಆಕೆ ಬಾಗಿಲು ಹಾಕಿಕೊಂಡು ಹೇಳಿದ್ದು ಅಂಕಕ್ಕೆ ಸಿಗುವಂಥದ್ದಲ್ಲ. ಖಾಲಿ ಬಿಟ್ಟೆ.

ಎರಡನೆಯದರಲ್ಲಿ ಎಲ್ಲ ಬರೆದೆ. ಮಗುವಿಗೆ ಎಷ್ಟು ಔಷಧಿ ಹೋಯಿತು, ಅದರಿಂದ ನಾನು ಪಟ್ಟ ಪಾಡು, ಹತ್ತೊಂಬತ್ತು ದಿನ ಕಾಗದದ ಮೇಲೆ ನಡೆಸಿದ ವಾರ್ಡಿಗೆ ಒಬ್ಬರನ್ನೂ ಹೆಚ್ಚಿಗೆ ಕೊಡದೆ ಡೋನಟ್ ಕಳಿಸಿದ್ದು. ಮರ್ಡೀನಾ ಬಂದು ಬಾಗಿಲು ಹಾಕಿಕೊಂಡು ಹೇಳಿದ್ದು, ಹೇಳಬೇಡಿ ಎಂದಿದ್ದರೂ. ಪೌಂಡಿನ ಮಾತು ಕೇಳಿದ್ದು ನಾನೇ ಎಂಬುದನ್ನೂ ಬರೆದೆ. ಅವರು ಬಿಡು ಎಂದರೆ ಬಿಡಲಾಗುತ್ತದೆಯೇ. ಕೊನೆಯಲ್ಲಿ, ಈ ನರ್ಸನ್ನು ಕ್ಷಮಿಸಿ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಕ್ಷಮಿಸಿದ್ದೇನೆಯೇ ಎನ್ನುವುದು ನನಗೇ ಗೊತ್ತಿರಲಿಲ್ಲ. ಮಂಗಳವಾರ ಇನ್ನೂ ಬಂದಿರಲಿಲ್ಲ. ಅದರ ಬದಲು ಬರೆದೆ: 'ನನ್ನ ಮಗುವಿಗೆ ಮತ್ತೆ ಜ್ವರ ಬಂದರೆ, ಆ ವಾರ್ಡಿನಲ್ಲಿ ಈಕೆ ಇದ್ದಾರೆಯೇ ಎಂದು ಮೊದಲು ಕೇಳುತ್ತೇನೆ.' ಓದಿ ನೋಡಿದೆ. ನಿಜವಾಗಿತ್ತು. ಹಾಗೇ ಬಿಟ್ಟೆ.

ಮಂಗಳವಾರ ಹತ್ತೂವರೆಗೆ ಅತ್ತೆಯೂ ನಾನೂ ಎಲ್ಸಿಯನ್ನು ಕರೆದುಕೊಂಡು ಹೋದೆವು. ಗೋಡೆಗೆಲ್ಲ ಮೆತ್ತೆ ಹೊದಿಸಿದ ಚಿಕ್ಕ ಕೋಣೆ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ನಾನು ಅಲುಗಬಾರದು, ಉಸಿರೂ ಜೋರಾಗಿ ಬಿಡಬಾರದು ಎಂದಿದ್ದರು. ತಾಯಿ ಕದಲಿದರೆ ಮಗು ಅದನ್ನೇ ನೋಡಿ ತಿರುಗುತ್ತದೆ. ಎಡಗಡೆ ಎಲ್ಲೋ ಒಂದು ಸಣ್ಣ ಸಿಳ್ಳು. ನಾನು ಕಲ್ಲಾಗಿ ಕೂತಿದ್ದೆ. ಎಲ್ಸಿ ನಿಧಾನವಾಗಿ ತಿರುಗಿದಳು. ಅಲ್ಲೊಂದು ಪೆಟ್ಟಿಗೆಯಲ್ಲಿ ದೀಪ ಹೊತ್ತಿ ಬೊಂಬೆ ಮೊಲವೊಂದು ತಮಟೆ ಬಡಿಯಿತು, ಅವಳು ನಕ್ಕಳು. ಬಲಗಡೆ ಇನ್ನೂ ಸಣ್ಣದು, ಸೊಳ್ಳೆಯ ದನಿಯಷ್ಟು. ನನಗೇ ಸರಿಯಾಗಿ ಕೇಳಿಸಲಿಲ್ಲ. ತಿರುಗಿದಳು. ಮತ್ತೆ ಎಡಕ್ಕೆ. ತಿರುಗಲಿಲ್ಲ. ಗಾಜಿನ ಆಚೆ ಪರೀಕ್ಷೆ ಮಾಡುವ ಹೆಂಗಸು ಏನೋ ಬರೆದುಕೊಂಡಳು. ಎಲ್ಸಿ ಆಕಳಿಸಿದಳು. ಮತ್ತೊಮ್ಮೆ ಅದೇ ಸಿಳ್ಳು. ತಿರುಗಿದಳು.

ಆಮೇಲೆ ಕಿವಿಯೊಳಗೆ ಪುಟ್ಟ ಬತ್ತಿಯಂಥದ್ದನ್ನಿಟ್ಟು ಯಂತ್ರದಿಂದಲೂ ನೋಡಿದರು. ಇಪ್ಪತ್ತು ನಿಮಿಷ. ಕೊನೆಗೆ ಆ ಹೆಂಗಸು ಹೊರಗೆ ಬಂದು, ನನ್ನ ಮುಖ ನೋಡಿ, ಪೀಠಿಕೆ ಏನೂ ಇಲ್ಲದೆ ಹೇಳಿದಳು. ಮೂರು ತಿಂಗಳಿಗೆ ಇನ್ನೊಂದು ಸಲ ಬನ್ನಿ, ಅದು ಬರೀ ಎಚ್ಚರಿಕೆಗೆ ಎಂದೂ ಹೇಳಿದಳು. ಅತ್ತೆ ಅಲ್ಲೇ ಗೋಡೆಗೆ ಹಣೆ ಹಚ್ಚಿ ಅತ್ತರು.

ಮೊಗಸಾಲೆಯ ಕೊನೆಯಲ್ಲಿ, ಕಿಟಕಿಯ ಹತ್ತಿರ ನಿಂತು ಫೋನ್ ಮಾಡಿದೆ. ಮೊದಲ ಗಂಟೆಗೇ ಎತ್ತಿದರು.

"ಕೇಳಿಸುತ್ತೆ," ಎಂದೆ.

"ಎರಡೂ ಕಿವಿನಾ?"

"ಎರಡೂ."

"ಸಣ್ಣ ಸದ್ದೂನಾ? ಸಿಳ್ಳಿನ ಥರದ್ದು, ಎತ್ತರದ್ದು? ಮೊದಲು ಹೋಗೋದು ಅದೇ."

"ಅದೂ ಕೇಳಿಸುತ್ತೆ ಮರ್ಡೀನಾ. ನಂಗೇ ಕೇಳಿಸದಿದ್ದದ್ದೂ ಅವಳಿಗೆ ಕೇಳಿಸ್ತು."

ಕುರ್ಚಿಯೊಂದು ನೆಲಕ್ಕೆ ಉಜ್ಜಿದ ಸದ್ದಾಯಿತು. ಹಿಂದಿನಿಂದ ಗಂಡಸಿನ ದನಿ, ಏನಾಯ್ತು, ಏನಂತೆ ಎಂದು ಕೇಳುತ್ತಿತ್ತು. ಮರ್ಡೀನಾ ನನಗೆ ಥ್ಯಾಂಕ್ಸ್ ಎನ್ನಲಿಲ್ಲ.

"ಸರಿ ಕಣಮ್ಮ," ಎಂದರು. "ನಾನು ಸ್ವಲ್ಪ ಮಲಗ್ತೀನಿ."